ಆಳುವವನು ಜ್ಞಾನಿಯಾಗಿದ್ದರೆ ಕಾನೂನು ಯಾಕೆ ಬೇಕು?

ಪದೇ ಪದೇ ಎದುರಾಗುವ ಪ್ರಶ್ನೆ ಇದು: ಆಳುವವನು ನಿಜಕ್ಕೂ ತಿಳಿದವನು, ಪ್ರಾಮಾಣಿಕ ಎಂದಾದರೆ ಅವನ ಕೈಯನ್ನು ಕಾನೂನಿನಿಂದ ಕಟ್ಟುವುದೇಕೆ? ಕಟ್ಟಲೇಬೇಕು ಎಂಬುದು ನನ್ನ ಉತ್ತರ. ಜ್ಞಾನಿ ಬೇಡವೆಂದಲ್ಲ. ಅವನು ಎಡವಿದಾಗ ಎಡವಿದನೆಂದು ತೋರಿಸಲು ಅವನ ಮಾತಿನಾಚೆ ಒಂದು ಅಳತೆ ಇರಬೇಕು.

ಎದುರು ವಾದ ಸಣ್ಣದಲ್ಲ. ಪ್ಲೇಟೋ ವೈದ್ಯನ ಉದಾಹರಣೆ ಕೊಡುತ್ತಾನೆ. ಪರವೂರಿಗೆ ಹೊರಟ ವೈದ್ಯ ರೋಗಿಗೆ ಪಥ್ಯ ಬರೆದುಕೊಟ್ಟು ಹೋಗುತ್ತಾನೆ. ಬೇಗ ಮರಳಿ ಬಂದಾಗ ಪರಿಸ್ಥಿತಿ ಬದಲಾಗಿದ್ದರೆ, ತಾನೇ ಬರೆದ ಚೀಟಿಗೆ ಅವನು ಅಂಟಿಕೊಳ್ಳಬೇಕೇ? ಕಾನೂನೂ ಅಂಥದೇ ಚೀಟಿ ಎಂಬುದು ವಾದ. ಅರಿಸ್ಟಾಟಲ್ ಕೊಟ್ಟ ಮರುತ್ತರ ನನಗೆ ಇಂದಿಗೂ ಗಟ್ಟಿಯೆನಿಸುತ್ತದೆ. ವೈದ್ಯನಿಗೆ ರೋಗಿ ಗುಣವಾದರೆ ಸಂಭಾವನೆ. ಸ್ನೇಹಕ್ಕಾಗಿ ಅವನು ಮದ್ದು ಬದಲಿಸುವುದಿಲ್ಲ. ಅಧಿಕಾರದಲ್ಲಿರುವವರು ಹಗೆಗೂ ಮುಲಾಜಿಗೂ ಎಷ್ಟೋ ಮಾಡುತ್ತಾರೆ. ವೈದ್ಯ ರೋಗಿಯ ವೈರಿಗಳ ಜೊತೆ ಕೈಜೋಡಿಸಿದ್ದಾನೆಂಬ ಗುಮಾನಿ ಬಂದರೆ ರೋಗಿಯೂ ಬರೆದಿಟ್ಟ ನಿಯಮವನ್ನೇ ನಂಬುತ್ತಾನೆ. ಸ್ವತಃ ವೈದ್ಯನೇ ಕಾಯಿಲೆ ಬಿದ್ದರೆ ಇನ್ನೊಬ್ಬ ವೈದ್ಯನನ್ನು ಕರೆಸುತ್ತಾನೆ.

ಆದರೆ ಕಾನೂನು ಇದ್ದ ಮಾತ್ರಕ್ಕೆ ಅದು ಆಳುವುದಿಲ್ಲ. ಕ್ರಿ.ಪೂ. 406ರಲ್ಲಿ ಅಥೆನ್ಸಿನ ನೌಕಾಪಡೆ ಅರ್ಗಿನೂಸೆ ದ್ವೀಪಗಳ ಬಳಿ ಗೆದ್ದಿತು. ಮುಳುಗುತ್ತಿದ್ದ ನಾವಿಕರನ್ನು ಸೇನಾಪತಿಗಳು ಕಾಪಾಡಲಿಲ್ಲವೆಂದು ಜನ ಕೆರಳಿದರು. ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ವಿಚಾರಿಸಬೇಕಿತ್ತು. ನಾಗರಿಕರ ಸಭೆ ಎಂಟೂ ಮಂದಿ ಸೇನಾಪತಿಗಳಿಗೆ ಒಂದೇ ಮತದಲ್ಲಿ ಮರಣದಂಡನೆ ವಿಧಿಸಿತು. ಕೈಗೆ ಸಿಕ್ಕ ಆರು ಮಂದಿ ಸತ್ತರು. ಇದು ನಿಯಮಬಾಹಿರ ಎಂದವರನ್ನು ಬೆದರಿಸಿ ಬಾಯಿ ಮುಚ್ಚಿಸಲಾಯಿತು. ಸ್ವಲ್ಪ ದಿನಕ್ಕೇ ಅದೇ ಜನ ಪಶ್ಚಾತ್ತಾಪಪಟ್ಟರು. ಒಬ್ಬ ಅರಸನ ಸಿಟ್ಟು ಮಾಡುವುದನ್ನೇ ಸಾವಿರಾರು ಜನರ ಸಿಟ್ಟೂ ಮಾಡಬಲ್ಲದು.

ಮೂರು ವರ್ಷಗಳ ನಂತರ, ನಡುವೆ ಮೂವತ್ತು ಮಂದಿಯ ಕ್ರೂರ ಆಡಳಿತವನ್ನೂ ಅನುಭವಿಸಿದ ಅಥೆನ್ಸ್ ಬಿಗಿಯಾದ ನಿಯಮಗಳನ್ನು ತಂದಿತು. ಬರೆಯದ ಕಾನೂನನ್ನು ಯಾವ ಅಧಿಕಾರಿಯೂ ಬಳಸಕೂಡದು. ಸಭೆಯ ನಿರ್ಣಯ ಕಾನೂನಿಗಿಂತ ಮೇಲಲ್ಲ. 6,000 ಜನ ಗುಪ್ತವಾಗಿ ಮತ ಹಾಕಿ ಒಪ್ಪದ ಹೊರತು ಒಬ್ಬನನ್ನೇ ಗುರಿಯಾಗಿಸಿ ಕಾನೂನು ಮಾಡುವಂತಿಲ್ಲ. ಈ ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಹೆಸರು ಹಿಡಿದು ಬರೆದ ಕಾನೂನು ಕಾನೂನಿನ ವೇಷದ ಆಜ್ಞೆ.

ಇನ್ನು ಅಥೆನ್ಸಿನಲ್ಲಿದ್ದ ಲೆಕ್ಕ ಒಪ್ಪಿಸುವ ಪದ್ಧತಿ. ಅವಧಿ ಮುಗಿದ ಅಧಿಕಾರಿ ಹತ್ತು ಮಂದಿ ಲೆಕ್ಕಿಗರ ಮುಂದೆ ಹಣದ ಲೆಕ್ಕ ಕೊಡಬೇಕಿತ್ತು, ಅದು ನ್ಯಾಯಾಲಯಕ್ಕೆ ಹೋಗುತ್ತಿತ್ತು. ಲಂಚ, ಕಳವು ಸಾಬೀತಾದರೆ ಮೊತ್ತದ ಹತ್ತುಪಟ್ಟು ದಂಡ. ಆಮೇಲೆ ಮೂರು ದಿನ ಯಾವ ನಾಗರಿಕನಾದರೂ ಹಲಗೆಯ ಮೇಲೆ ದೂರು ಬರೆದು ಕೊಡಬಹುದಿತ್ತು. ಇದು ಮುಗಿಯುವವರೆಗೆ ಅಧಿಕಾರಿ ದೇಶ ಬಿಡುವಂತಿಲ್ಲ, ಉಯಿಲು ಬರೆಯುವಂತಿಲ್ಲ, ಆಸ್ತಿಯನ್ನು ದೇವರಿಗೆ ಅರ್ಪಿಸುವಂತಿಲ್ಲ. ತಪ್ಪಿಸಿಕೊಳ್ಳುವ ದಾರಿಗಳನ್ನು ಮೊದಲೇ ಊಹಿಸಿ ಮುಚ್ಚಿದ್ದರು.

ಹಾಗಾದರೆ ಜ್ಞಾನಕ್ಕೆ ಜಾಗ ಎಲ್ಲಿ? ಕಾನೂನು ಮಾಡುವಲ್ಲಿ, ಮತ್ತು ಅದು ಊಹಿಸಿರದ ಪ್ರಕರಣ ಎದುರಾದಾಗ. ಆಗ ನ್ಯಾಯಾಧೀಶ ತನಗೆ ಸರಿಕಂಡದ್ದನ್ನಲ್ಲ, ಕಾನೂನು ಮಾಡಿದವನೇ ಇಲ್ಲಿದ್ದಿದ್ದರೆ ಏನು ಹೇಳುತ್ತಿದ್ದ ಎಂಬುದನ್ನು ಕೇಳಿಕೊಳ್ಳಬೇಕೆಂದು ಅರಿಸ್ಟಾಟಲ್ ಮಿತಿ ಹಾಕಿದ. ಈ ಮಿತಿ ಸಡಿಲವಾದಾಗ ವಿವೇಚನೆಯೇ ಮುಲಾಜಿಗೆ ಬಾಗಿಲಾಗುತ್ತದೆ.

ಪ್ಲೇಟೋ ಕೂಡ ಮುಪ್ಪಿನಲ್ಲಿ ಕಾನೂನಿನ ಕಡೆಗೇ ವಾಲಿದ. ಕೊನೆಗಾಲದಲ್ಲಿ ಕಲ್ಪಿಸಿದ ರಾಜ್ಯದಲ್ಲಿ ಅಧಿಕಾರಿಗಳನ್ನು ಪರಿಶೀಲಿಸಲು ಐವತ್ತು ದಾಟಿದ, ನಾಗರಿಕರೇ ಆರಿಸಿದ ಉತ್ತಮರನ್ನು ನೇಮಿಸಿದ. ಆ ಉತ್ತಮರಲ್ಲೂ ಯಾರಾದರೂ ಕೆಟ್ಟರೆ ಅವರ ಮೇಲೆ ಮೊಕದ್ದಮೆ ಹೂಡಲು ಯಾವ ನಾಗರಿಕನಿಗಾದರೂ ಅವಕಾಶವಿಟ್ಟ.