ಇಬ್ಬರು ಮಂಜುನಾಥರು, ಒಂದೇ ಇಆರ್‌ಪಿ

ನಮ್ಮ ಕಂಪನಿ ಹುಬ್ಬಳ್ಳಿಯ ಸಣ್ಣ ಕಂಪನಿಯೊಂದನ್ನು ಕೊಂಡಾಗ, ಅಲ್ಲಿಯವರಿಗೆ ನಮ್ಮ ಇಆರ್‌ಪಿ (ಖರೀದಿ, ಲೆಕ್ಕಪತ್ರ ಎಲ್ಲ ನಡೆಯುವ ಸಾಫ್ಟ್‌ವೇರ್) ತೆರೆದುಕೊಡುವ ಕೆಲಸ ನನ್ನ ಹೆಗಲಿಗೆ ಬಿತ್ತು. ಕಂಪನಿಯ ಲಾಗಿನ್‌ಗಳನ್ನೆಲ್ಲ ಒಂದೇ ಕಡೆ ಇಟ್ಟು ನೋಡಿಕೊಳ್ಳುವ ಆಕ್ಟಿವ್ ಡೈರೆಕ್ಟರಿ ಡೊಮೇನ್ ಅವರದ್ದೊಂದು, ನಮ್ಮದೊಂದು. ಮಧ್ಯೆ ಟ್ರಸ್ಟ್ (ಒಂದು ಡೊಮೇನಿನ ಲಾಗಿನ್ನನ್ನು ಇನ್ನೊಂದು ಒಪ್ಪುವ ಏರ್ಪಾಡು) ಹಾಕಿದರಾಯಿತು, ಯಾರಿಗೂ ಹೊಸ ಪಾಸ್‌ವರ್ಡ್ ಬೇಡ ಅಂತ ಮೀಟಿಂಗಿನಲ್ಲಿ ಎದೆತಟ್ಟಿ ಹೇಳಿದವನೂ ನಾನೇ.

ಈ ಟ್ರಸ್ಟ್‌ನ ದಿಕ್ಕೇ ಒಂದು ತಲೆನೋವು. ಅವರ ಜನ ನಮ್ಮ ಸರ್ವರ್‌ಗೆ ಬರಬೇಕಾದರೆ ನಾವು ಅವರನ್ನು ನಂಬಬೇಕು. ಅವರು ನಮ್ಮನ್ನು ನಂಬಬೇಕೆಂದೇನಿಲ್ಲ. ಅದನ್ನು ಸರಿಯಾಗಿಯೇ ಹಾಕಿದ್ದೆ, ವ್ಯಾಲಿಡೇಟ್ ಒತ್ತಿದರೆ ಎಲ್ಲ ಸರಿ ಅಂತಿತ್ತು. ಲಾಗಿನ್ ಮಾತ್ರ ಆಗಲೊಲ್ಲದು.

ನಮ್ಮ ಇಆರ್‌ಪಿ ಒಪ್ಪುವುದು ಕೆರ್ಬರೋಸ್ ಟಿಕೆಟ್ ಒಂದನ್ನೇ, ಅಂದರೆ ಬಂದವರು ಯಾರೆಂದು ಡೊಮೇನ್ ಕೊಡುವ ಗುರುತಿನ ಚೀಟಿ. ಹುಬ್ಬಳ್ಳಿಯ ಪಿಸಿ ಮೊದಲು ತನ್ನ ಡೊಮೇನ್ ಕಂಟ್ರೋಲರ್ (ಆ ಚೀಟಿ ಕೊಡುವ ಸರ್ವರ್) ಹತ್ತಿರ ಹೋಗುತ್ತದೆ. ಅದು ರೆಫರಲ್ ಟಿಕೆಟ್ ಕೊಟ್ಟು ನಮ್ಮ ಕಡೆ ಕಳಿಸುತ್ತದೆ. ಅದನ್ನು ಹಿಡಿದು ನಮ್ಮ ಕಂಟ್ರೋಲರ್‌ನ ಬಾಗಿಲು ತಟ್ಟಬೇಕಾದ್ದು ಆ ಪಿಸಿಯೇ, 88ನೇ ಪೋರ್ಟಿನಲ್ಲಿ. ನಾನು ಫೈರ್‌ವಾಲ್ ತೆರೆಸಿದ್ದು ಎರಡು ಕಂಟ್ರೋಲರ್‌ಗಳ ನಡುವೆ ಮಾತ್ರ! ಅದು ಹೊಳೆಯದೆ, ಟಿಕೆಟ್ ಕೆಡಿಸುವಂತೆ ಎರಡು ಕಡೆಯ ಗಡಿಯಾರದಲ್ಲಿ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಇದೆಯಾ ಅಂತ ಎರಡು ದಿನ ಸುಮ್ಮನೆ ಹುಡುಕಿದ್ದೆ. ಕೊನೆಗೆ ಅಲ್ಲಿನ ಪಿಸಿಯಲ್ಲೇ, ಅದರ ಬಳಿಯ ಟಿಕೆಟ್‌ಗಳನ್ನು ತೋರಿಸುವ ಕೆಲಿಸ್ಟ್ ಕಮಾಂಡ್ ಓಡಿಸಿದಾಗ ಕಂಡಿತು: ರೆಫರಲ್ ಇದೆ, ಮುಂದಿನ ಟಿಕೆಟ್ ಇಲ್ಲ.

ಪೋರ್ಟ್ ತೆರೆಸಿದ ಮರುದಿನ ಹುಬ್ಬಳ್ಳಿಯಿಂದ ಫೋನ್ ಬಂತು. "ಸರ, ನನ್ನ ಸ್ಕ್ರೀನ್‌ನ್ಯಾಗ ಯಾರ್ದೋ ಪರ್ಚೇಸ್ ಆರ್ಡರ್ ಅಪ್ರೂವಲ್‌ಗೆ ಬಂದು ಕುಂತೈತ್ರಿ. ಒತ್ತಲೇನ್ರಿ?"

"ಬೇಡ, ಬೇಡ! ಏನೂ ಒತ್ತಬೇಡಿ."

ಅವರ ಹೆಸರು ಮಂಜುನಾಥ. ನಮ್ಮ ಬೆಂಗಳೂರಿನ ಪರ್ಚೇಸ್ ಮ್ಯಾನೇಜರೂ ಮಂಜುನಾಥ. ಲಾಗಿನ್ ಹೆಸರು ಒಂದು ಡೊಮೇನಿನೊಳಗೆ ಎರಡು ಸಲ ಇರಲಾರದು, ಎರಡು ಡೊಮೇನುಗಳಲ್ಲಿ ಧಾರಾಳವಾಗಿ ಇರಬಹುದು. ಇಬ್ಬರನ್ನು ಬೇರೆ ಮಾಡುವುದು ಹೆಸರಿನ ಮುಂದಿನ ಡೊಮೇನ್ ಭಾಗ. ನಮ್ಮ ಇಆರ್‌ಪಿ ಆ ಭಾಗವನ್ನೇ ಕತ್ತರಿಸಿ ಬಿಸಾಕಿ, ಉಳಿದದ್ದನ್ನು ತನ್ನ ಯೂಸರ್ ಟೇಬಲ್ಲಿನಲ್ಲಿ ಹುಡುಕುತ್ತಿತ್ತು. ಒಂದೇ ಡೊಮೇನ್ ಇದ್ದ ಕಾಲದಲ್ಲಿ ಯಾರೋ ಬರೆದ ಒಂದು ಸಾಲಿನ ಕೋಡ್. ಅಷ್ಟು ವರ್ಷ ಅದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಕೆರ್ಬರೋಸ್ ತನ್ನ ಕೆಲಸ ಚೊಕ್ಕಟವಾಗಿ ಮಾಡಿತ್ತು, ಬಂದವರು ಹುಬ್ಬಳ್ಳಿಯ ಮಂಜುನಾಥರೇ ಅಂತ ಹೇಳಿಯೂ ಇತ್ತು. ಕೇಳಿಸಿಕೊಂಡವರಿಲ್ಲ ಅಷ್ಟೇ.

ಅವತ್ತೇ ಹುಬ್ಬಳ್ಳಿಯ ಲಾಗಿನ್ ಪೂರ್ತಿ ನಿಲ್ಲಿಸಿದೆ. ಬೈಗುಳ ತಿಂದೆ, ತಿನ್ನಬೇಕಾದ್ದೇ. ಎರಡೂ ಕಡೆಯ ಹೆಸರುಗಳನ್ನು ಎಕ್ಸೆಲ್‌ನಲ್ಲಿ ಹಾಕಿ ನೋಡಿದರೆ ಮಂಜುನಾಥರ ಜೊತೆ ಸಂತೋಷ, ಸವಿತಾ, ಬಸವರಾಜರೂ ಜೋಡಿಜೋಡಿಯಾಗಿ ಸಿಕ್ಕರು. ಟೇಬಲ್ಲಿಗೆ ಎಸ್‌ಐಡಿ (ಪ್ರತಿ ಖಾತೆಗೆ ಡೊಮೇನ್ ಕೊಡುವ, ಇನ್ನೊಬ್ಬರಿಗಿಲ್ಲದ ಗುರುತಿನ ಸಂಖ್ಯೆ) ಕಾಲಮ್ ಸೇರಿಸಿ, ಹುಡುಕಾಟವನ್ನು ಅದರ ಮೇಲೆಯೇ ಇಟ್ಟೆವು. ಮದುವೆಯಾಗಿ ಲಾಗಿನ್ ಹೆಸರು ಬದಲಾದರೂ ಎಸ್‌ಐಡಿ ಬದಲಾಗುವುದಿಲ್ಲ, ಅದೊಂದು ಅನುಕೂಲ.

ಮತ್ತೆ ತೆರೆದ ದಿನ ಅವರದೇ ಫೋನ್. "ಸರ, ಈಗ ಏನೂ ಕಾಣವಲ್ದು."

ನನಗೆ ಸಮಾಧಾನವಾಯಿತು. ಅವರಿಗೆ ಇಆರ್‌ಪಿಯಲ್ಲಿ ಏನನ್ನಾದರೂ ನೋಡಲು ಬೇಕಾದ ಯಾವ ರೋಲೂ ಇನ್ನೂ ಕೊಟ್ಟಿರಲಿಲ್ಲ.