ಕಾಡು ಹುಡುಕಿದರೆ ಕೇಡು ಬಂತು

ಗಾದೆಗಳಿಗೆಂದೇ ಕಟ್ಟಿದ ಪುಟ್ಟ ಶೋಧ ಎಂಜಿನ್ ಅದು. ಬಿಡುಗಡೆಯ ಬೆಳಗ್ಗೆ ಪರೀಕ್ಷೆಗೆ ಹಾಕಿದ ಮೊದಲ ಪದ ‘ಕಾಡು’. ‘ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ’ ಬರಬೇಕಿತ್ತು. ಬಂತು, ಆದರೆ ಅದರ ತಲೆಯ ಮೇಲೆ ‘ಅತಿ ಆಸೆ ಗತಿ ಕೇಡು’ ಕೂತಿತ್ತು.

ಕಾರಣ ಪದಗಳನ್ನು ತುಂಡರಿಸುವ ಟೋಕನೈಸರ್. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್‌ನಲ್ಲಿ ಪಠ್ಯ ಹುಡುಕುವ ಭಾಗ ಎಫ್‌ಟಿಎಸ್5. ಅದರಲ್ಲಿ ನಾವೇನೂ ಹೇಳದಿದ್ದರೆ ಯೂನಿಕೋಡ್61 ಎಂಬ ಟೋಕನೈಸರ್ ಕೆಲಸಕ್ಕೆ ನಿಲ್ಲುತ್ತದೆ. ಅದರ ಲೆಕ್ಕದಲ್ಲಿ ಅಕ್ಷರ, ಅಂಕಿ ಮಾತ್ರ ಪದದ ಭಾಗ. ನಮ್ಮ ಗುಣಿತ ಚಿಹ್ನೆಗಳೂ, ಅರ್ಧಾಕ್ಷರ ಮಾಡುವ ವಿರಾಮ ‘್’ ಕೂಡ ಯೂನಿಕೋಡ್‌ನಲ್ಲಿ ‘ಎಂಎನ್’, ‘ಎಂಸಿ’ ಎಂಬ ಬೇರೆ ವರ್ಗಗಳಲ್ಲಿವೆ, ಹಾಗಾಗಿ ಅವನ್ನು ಅದು ಖಾಲಿ ಜಾಗದಂತೆ ಕಾಣುತ್ತದೆ. ‘ಕಾಡು’ ಒಡೆದು ‘ಕ’, ‘ಡ’ ಆಯಿತು. ‘ಕೇಡು’ ಕೂಡ ಅದೇ ‘ಕ’, ‘ಡ’. ‘ಕನ್ನಡ’ವಂತೂ ‘ಕನ’, ‘ನಡ’ ಎಂದು ಎರಡು ಹೋಳು. ಅಂಕ ಕೊಡುವ ಬಿಎಂ25 ಸೂತ್ರ ಚಿಕ್ಕ ಸಾಲಿಗೆ ಹೆಚ್ಚು ಒಲಿಯುತ್ತದೆ, ಆದ್ದರಿಂದ ಪುಟಾಣಿ ಗಾದೆಯೇ ಮೇಲೇರಿತು.

ಮದ್ದು ಒಂದೇ ಸಾಲಿನದು. ಕೋಷ್ಟಕ ರಚಿಸುವಾಗಲೇ ವರ್ಗಗಳ ಪಟ್ಟಿಗೆ ಎಂಎನ್, ಎಂಸಿ ಎರಡನ್ನೂ ಸೇರಿಸಬೇಕು. ಆಮೇಲೆ ಬದಲಿಸಲು ಬರುವುದಿಲ್ಲ, ಕೋಷ್ಟಕವನ್ನು ಅಳಿಸಿ ಹೊಸದಾಗಿ ಕಟ್ಟಬೇಕು. ಐದಾರು ಸಾವಿರ ಗಾದೆಗಳಿಗೆ ಇದು ಕೆಲವೇ ಸೆಕೆಂಡಿನ ಕೆಲಸ. ಇಷ್ಟು ಸಣ್ಣ ಸಂಗ್ರಹಕ್ಕೆ ಎಲಾಸ್ಟಿಕ್‌ಸರ್ಚ್‌ನಂಥ ದೊಡ್ಡ ಶೋಧ ವ್ಯವಸ್ಥೆ ಬೇಕಿಲ್ಲ, ಹೂ ಕಟ್ಟಲು ಹಗ್ಗ ತಂದ ಹಾಗಾಗುತ್ತದೆ. ಹೊಸ ಫೈಲನ್ನು ಬೇರೆ ಹೆಸರಲ್ಲಿ ಕಟ್ಟಿ, ಹಳೆಯದರ ಹೆಸರಿಗೆ ಬದಲಿಸಿದೆವು. ಇಲ್ಲೊಂದು ಗುಂಡಿ ಇದೆ: ಓಡುತ್ತಿರುವ ಪ್ರೋಗ್ರಾಮ್ ಹಳೆಯ ಫೈಲನ್ನೇ ಹಿಡಿದುಕೊಂಡಿರುತ್ತದೆ. ಅದನ್ನು ಮರುಪ್ರಾರಂಭಿಸದೆ ಎಷ್ಟು ಸಲ ಹುಡುಕಿದರೂ ಕಾಡಿನ ಜಾಗದಲ್ಲಿ ಕೇಡೇ.

ಪಠ್ಯವನ್ನು ಹಸನು ಮಾಡುವ ಕೆಲಸ ಬಿಡುಗಡೆಗೂ ಮೊದಲಿನದು, ಹೆಚ್ಚು ದಿನ ತಿಂದದ್ದೂ ಅದೇ. ಗಾದೆ ಯಾರ ಸೊತ್ತೂ ಅಲ್ಲ, ಆದರೆ ಅದಕ್ಕೆ ಯಾರೋ ಬರೆದ ವಿವರಣೆ ಅವರದು. ಭಾರತದಲ್ಲಿ ಲೇಖಕ ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿಗೆ ಆ ತೊಡಕಿಲ್ಲ. ಅದರ ಪುಟಗಳ ತುಂಬ ಗಾದೆಗಳಿವೆ. ಹಳೆಯ ಅಚ್ಚಿನ ಪಠ್ಯದಲ್ಲಿ ‘ಱ’, ‘ೞ’ ಕಂಡರೆ ಕೀಲಿಯಲ್ಲಿ, ಅಂದರೆ ಹುಡುಕಲೆಂದೇ ಇಡುವ ಪ್ರತಿಯಲ್ಲಿ, ‘ರ’, ‘ಳ’ ಮಾಡಿ, ತೋರಿಸುವ ಪಠ್ಯವನ್ನು ಮಾತ್ರ ಮುಟ್ಟಬೇಡಿ. ಕೀಲಿಗೊಂದು, ಮೂಲಕ್ಕೊಂದು ಎಂದು ಎರಡು ಕಾಲಂ ಇಟ್ಟುಕೊಂಡರೆ ಮುಂದಿನ ಎಷ್ಟೋ ತಲೆನೋವು ತಪ್ಪುತ್ತದೆ.

ಕೀಲಿ ಕಟ್ಟುವ ಕ್ರಮ ಹೀಗೆ: ಮೊದಲು ಯೂನಿಕೋಡ್‌ನ ಏಕರೂಪವಾದ ಎನ್‌ಎಫ್‌ಸಿಗೆ ತರುವುದು, ಏಕೆಂದರೆ ‘ಕೋ’ದ ಓತ್ವವನ್ನು ಒಂದೇ ಸಂಕೇತವಾಗಿಯೂ (ಸಂಕೇತ ಎಂದರೆ ಅಕ್ಷರಕ್ಕೋ ಚಿಹ್ನೆಗೋ ಯೂನಿಕೋಡ್ ಕೊಟ್ಟ ಸಂಖ್ಯೆ) ಮೂರು ತುಂಡಾಗಿಯೂ ಬರೆಯಬಹುದು, ಕಣ್ಣಿಗೆ ಎರಡೂ ಒಂದೇ. ಕಣ್ಣಿಗೆ ಕಾಣದ 200ಸಿ, 200ಡಿ ಸಂಕೇತಗಳನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ, ಅವನ್ನು ನಾವೇ ಕಿತ್ತುಹಾಕಬೇಕು. ಆಮೇಲೆ ಅಕ್ಷರಗಳ ನಡುವೆ ಸಿಕ್ಕಿಕೊಂಡ ಕನ್ನಡದ ಸೊನ್ನೆ ‘೦’ಯನ್ನು ಅನುಸ್ವಾರ ‘ಂ’ ಮಾಡುವುದು. ‘ನುಡಿ’, ‘ಬರಹ’ ತಂತ್ರಾಂಶಗಳ ಕಾಲದ ಹಳೆಯ ಫಾಂಟ್‌ಗಳಿಂದ ಪರಿವರ್ತಿಸಿದ ಪಠ್ಯವಾದರೆ ಅರ್ಕಾವತ್ತು ಎಡವಿರುತ್ತದೆ: ‘ಧರ್ಮ’ದಲ್ಲಿ ‘ಧಮ’ ಮಾತ್ರ ಉಳಿದು, ಪಕ್ಕದಲ್ಲೊಂದು ಅನ್ಯಲಿಪಿಯ ಅಕ್ಷರ ನಿಂತಿರುತ್ತದೆ. ಕಡತದಲ್ಲಿ ಲ್ಯಾಟಿನ್ ಅಕ್ಷರ ಇರುವ ಸಾಲುಗಳನ್ನು ಹೆಕ್ಕಿದರೆ ಇವೆಲ್ಲ ಒಟ್ಟಿಗೆ ಸಿಗುತ್ತವೆ. ಬಳಕೆದಾರ ಟೈಪಿಸಿದ ಪದಕ್ಕೂ ಇದೇ ಸಂಸ್ಕಾರ ಆಗಲೇಬೇಕು. ಒಂದೇ ಕಡೆ ಮಾಡಿದರೆ ಮಾಡದಿದ್ದಷ್ಟೇ.

ವಿಭಕ್ತಿಗಳದ್ದು ಬೇರೆಯೇ ಕಥೆ. ‘ಕಾಡು’ ಎಂದವರಿಗೆ ‘ಕಾಡಿನ’, ‘ಕಾಡಲ್ಲಿ’ಯೂ ಬೇಕು. ಕೊನೆಯ ‘ು’ ಕಳಚಿ, ‘ಕಾಡ’ದಿಂದ ಶುರುವಾಗುವ ಪದಗಳನ್ನೆಲ್ಲ ಹುಡುಕಬೇಕು. ಇದೇ ಧೈರ್ಯದಲ್ಲಿ ‘ಮನೆ’ಯ ‘ೆ’ ಕಳಚಿದರೆ ಮನಸ್ಸು, ಮನುಷ್ಯ ಎಲ್ಲ ಒಳಬರುತ್ತಾರೆ. ಅಲ್ಲಿ ಕಳಚದೆ, ‘ಮನೇ’ ಎಂಬ ಎರಡನೆಯ ರೂಪವನ್ನು ಜೊತೆಗೆ ಕೊಟ್ಟರೆ ‘ಮನೇಲಿ ಹುಲಿ, ಬೀದೀಲಿ ಇಲಿ’ ಸಿಗುತ್ತದೆ. ಪದದ ನಡುವೆ ಅಡಗಿದ್ದನ್ನು ಹಿಡಿಯಲು, ಮೂರು ಮೂರು ಸಂಕೇತಗಳ ತುಂಡು ಮಾಡುವ ಟ್ರೈಗ್ರಾಮ್ ಟೋಕನೈಸರ್ ಇದೆ, ಎಸ್‌ಕ್ಯೂಲೈಟ್ 3.34ರಿಂದ. ಅದು ಮೂರು ಸಂಕೇತಕ್ಕಿಂತ ಚಿಕ್ಕ ಪದಕ್ಕೆ ಏನನ್ನೂ ಕೊಡುವುದಿಲ್ಲ. ‘ಊರು’ ಮೂರು ಸಂಕೇತ, ಪಾಸು. ‘ಹಣ’, ‘ಮರ’, ‘ಕೈ’ ಎರಡೇ, ಹಾಗಾಗಿ ಫೇಲು. ಗಾದೆಗಳಲ್ಲಿ ಜನ ಹುಡುಕುವುದು ಇಂಥವನ್ನೇ! ಅಂಥ ಪದಕ್ಕೆ ಸಾಲುಸಾಲಾಗಿ ನೋಡುವ ಮಾಮೂಲಿ ‘ಲೈಕ್’ ಶೋಧವೇ ಸಾಕು, ಈ ಗಾತ್ರದಲ್ಲಿ ನಿಧಾನವೆಂದು ಅನ್ನಿಸುವುದೇ ಇಲ್ಲ.

ಸಿಕ್ಕ ಪದಕ್ಕೆ ಬಣ್ಣ ಹಚ್ಚುವಾಗಲೂ ಎಚ್ಚರ ಬೇಕು. ಬಣ್ಣದ ಗಡಿಯನ್ನು ಗುರುತಿಸುವ ಟ್ಯಾಗ್ ಒತ್ತಕ್ಷರದ ನಡುವೆ ಬಿದ್ದರೆ ‘ತ್ತು’ ಒಡೆದು ಕಾಣುತ್ತದೆ. ಗಡಿಯ ಮುಂದೆ ಗುಣಿತ ಚಿಹ್ನೆ ಅಥವಾ ವಿರಾಮ ಇದ್ದರೆ, ಹಿಂದೆ ವಿರಾಮ ಇದ್ದರೂ ಸರಿ, ಗಡಿಯನ್ನು ಮುಂದಕ್ಕೆ ತಳ್ಳಬೇಕು.

ಮಧ್ಯಾಹ್ನದ ಹೊತ್ತಿಗೆ ಕೊಂಡಿಗಳು ವಾಟ್ಸಾಪ್‌ನಲ್ಲಿ ಓಡಾಡತೊಡಗಿದವು. ವಿಳಾಸದಲ್ಲಿ ಕನ್ನಡದ ಒಂದು ಸಂಕೇತ ಮೂರು ಬೈಟ್, ಶೇಕಡಾ ಚಿಹ್ನೆಗಳೊಡನೆ ಒಂಬತ್ತು ಅಕ್ಷರ. ಇಪ್ಪತ್ತು ಸಂಕೇತದ ಹುಡುಕಾಟವೆಂದರೆ 180 ಅಕ್ಷರದ ಬಾಲ. ಪ್ರತಿ ಗಾದೆಗೂ ಒಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಯನ್ನೇ ಕೊಂಡಿಯಲ್ಲಿ ಬಳಸಿದ ಮೇಲೆ ಬಾಲ ಮಾಯ.

ಸಂಜೆಗೆ ಓದಬೇಕಾದದ್ದು ‘ಏನೂ ಸಿಗಲಿಲ್ಲ’ ಎಂಬ ಉತ್ತರ ಪಡೆದ ಪದಗಳ ದಾಖಲೆ, ಅಂದರೆ ಲಾಗ್. ಅದರಲ್ಲಿ ಪದ ಮತ್ತು ಸಮಯ ಇದ್ದರೆ ಸಾಕು, ಐಪಿ ವಿಳಾಸ ಬೇಡ. ನಮ್ಮ ಲಾಗ್‌ನಲ್ಲಿ ಮುಕ್ಕಾಲು ಪಾಲು ಇಂಗ್ಲಿಷ್ ಲಿಪಿಯಲ್ಲಿ ಟೈಪಿಸಿದ ಕನ್ನಡವೇ. ‘ಮಾತು’ ಎಂಬುದನ್ನೇ ನಾಲ್ಕು ಬಗೆಯಾಗಿ ಬರೆದಿದ್ದರು. ಪ್ರತಿ ಗಾದೆಗೂ ರೋಮನ್ ಕೀಲಿಯೊಂದನ್ನು ಸೇರಿಸಿ, ದೀರ್ಘವನ್ನು ಹ್ರಸ್ವ ಮಾಡಿ, ಮಹಾಪ್ರಾಣವನ್ನು ಕೈಬಿಟ್ಟೆವು. ಈ ಕೀಲಿಯಲ್ಲಿ ಕಾಡು, ಕಡು, ಕಾದು ಎಲ್ಲ ಒಂದೇ, ಹಾಗಾಗಿ ಹುಡುಕುವ ಪದದಲ್ಲಿ ಒಂದೂ ಕನ್ನಡ ಅಕ್ಷರ ಇಲ್ಲದಾಗ ಮಾತ್ರ ಅದರ ಸರದಿ.

ರಾತ್ರಿಯ ಲಾಗ್‌ನಲ್ಲಿ ಒಬ್ಬರು ‘ಕಾಡಿಗೆ’ ಹುಡುಕಿದ್ದರು. ಕಣ್ಣಿಗೆ ಹಚ್ಚುವುದೋ, ಕಾಡಿನ ಕಡೆಗೆ ಹೋಗುವುದೋ? ಎರಡನ್ನೂ ತೋರಿಸಿದೆವು.