ತುಂಡಿನ ಜೊತೆ ಮಷೀನೂ ಹಿಗ್ಗುತ್ತದೆ

ತ್ರೀಡಿ ಪ್ರಿಂಟರಿನಲ್ಲಿ ಪದರದ ಮೇಲೆ ಪದರ ಹಾಕಿ ಮಾಡಿದ್ದ ಒಂದು ಬ್ರಾಕೆಟ್ ಪದರದ ಗೆರೆಯುದ್ದಕ್ಕೂ ಮುರಿದು ಬಿತ್ತು. ಎಷ್ಟು ಭಾರ ತಡೆಯುತ್ತದೆ ಅಂತ ಸುಮ್ನೆ ಊಹೆ ಮಾಡಿದ್ದು ಸಾಕು, ಎಳೆದೇ ನೋಡೋಣ ಅನ್ನಿಸಿತು. ಕಡಿಮೆ ಖರ್ಚಿನಲ್ಲಿ ಎಳೆಯುವ ಮಷೀನು ಕಟ್ಟಲು ಕೂತಿದ್ದು ಹಾಗೆ.

ಮೊದಲು ಲೆಕ್ಕ. ಪರೀಕ್ಷೆಯ ತುಂಡು ತುದಿಗಳಲ್ಲಿ ಅಗಲ, ನಡುವೆ ಸಣ್ಣ. ಮುರಿದರೆ ನಡುವೆಯೇ ಮುರಿಯಲಿ ಅಂತ. ಐಎಸ್‌ಒ 527 (ಪ್ಲಾಸ್ಟಿಕ್ ಎಳೆದು ಪರೀಕ್ಷಿಸುವ ಅಂತರರಾಷ್ಟ್ರೀಯ ಮಾನದಂಡ) ಅಳತೆಯ ಒಂದು ತುಂಡಿನ ನಡುಭಾಗ 10 ಮಿ.ಮೀ. ಅಗಲ, 4 ಮಿ.ಮೀ. ದಪ್ಪ, ಅಂದರೆ 40 ಚದರ ಮಿ.ಮೀ. ತ್ರೀಡಿ ಪ್ರಿಂಟರಿಗೆ ಹಾಕುವ ಪಿಎಲ್‌ಎ ಪ್ಲಾಸ್ಟಿಕ್ ಪ್ರತಿ ಚದರ ಮಿ.ಮೀ.ಗೆ 50 ನ್ಯೂಟನ್ ತಡೆಯುತ್ತದೆ ಅಂತ ಇಟ್ಟುಕೊಂಡರೂ 2000 ನ್ಯೂಟನ್ ಬೇಕು, ಹತ್ತಿರ ಹತ್ತಿರ 200 ಕೆಜಿ ನೇತುಹಾಕಿದಷ್ಟು! ಹಾಗಾಗಿ 500 ಕೆಜಿಯ ಎಸ್ ಆಕಾರದ ಲೋಡ್ ಸೆಲ್ (ಬಲ ಅಳೆಯುವ ಸೆನ್ಸರ್) ತೆಗೆದುಕೊಂಡೆ. ಉಳಿದದ್ದು ಸೆಲ್ಲಿನ ಸಂಕೇತವನ್ನು ಅಂಕಿಯಾಗಿಸುವ ಎಚ್‌ಎಕ್ಸ್711 ಬೋರ್ಡು, ಆರ್ಡುಯಿನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು, ಗೇರ್‌ಬಾಕ್ಸ್ ಇರುವ ಸ್ಟೆಪ್ಪರ್ ಮೋಟಾರು (ಒಂದೊಂದೇ ಸ್ಟೆಪ್ ತಿರುಗುವಂಥದ್ದು), ತಿರುಗಿದಂತೆ ತುಂಡನ್ನು ಎಳೆಯುವ ಎರಡು ಲೀಡ್ ಸ್ಕ್ರೂ. ಎಚ್‌ಎಕ್ಸ್711 ಸೆಕೆಂಡಿಗೆ 10 ಸಲ ಬಲ ಓದುತ್ತದೆ, ನಿಮಿಷಕ್ಕೆ 5 ಮಿ.ಮೀ. ಎಳೆಯುವಾಗ ಅಷ್ಟು ಸಾಕು.

ಬಲ ಅಳೆಯುವುದು ಸುಲಭ, ಗೊತ್ತಿರುವ ತೂಕ ನೇತುಹಾಕಿ ಹೊಂದಿಸಿದರೆ ಆಯಿತು. ನನ್ನನ್ನು ವಾರಗಟ್ಟಲೆ ಕಾಡಿದ್ದು ತುಂಡು ಎಷ್ಟು ಹಿಗ್ಗಿತು ಅನ್ನುವ ಪ್ರಶ್ನೆ. ಮೋಟಾರು ಎಷ್ಟು ಸ್ಟೆಪ್ ತಿರುಗಿತು ಅಂತ ಎಣಿಸಿ, ತುಂಡೂ ಅಷ್ಟೇ ಹಿಗ್ಗಿದೆ ಅಂತ ಗ್ರಾಫ್ ಹಾಕಿದ್ದೆ. ಪಿಎಲ್‌ಎ ಬಿಗಿತ (ಹಿಗ್ಗದೆ ತಡೆಯುವ ಗುಣ) ಬರಬೇಕಾದ್ದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬಂತು, ಅಷ್ಟೇ. ಪ್ಲಾಸ್ಟಿಕ್ಕೇ ಸರಿಯಿಲ್ಲ ಅಂತ ರೋಲ್ ಕೂಡ ಬದಲಾಯಿಸಿದೆ. ಆಮೇಲೆ ಕೂತು ಲೆಕ್ಕ ಹಾಕಿದರೆ, 50 ಮಿ.ಮೀ. ಉದ್ದದ ಭಾಗ 2000 ನ್ಯೂಟನ್‌ಗೆ ಹಿಗ್ಗುವುದೇ ಬರೀ 0.8 ಮಿ.ಮೀ. ಅಷ್ಟರಲ್ಲಿ ಮೇಲಿನ ಅಡ್ಡಪಟ್ಟಿ ಬಾಗುತ್ತದೆ, ನಟ್ಟಿನ ಸಡಿಲ ಬಿಗಿಯಾಗುತ್ತದೆ, ತುಂಡು ಗ್ರಿಪ್ಪಿನಲ್ಲಿ ಕೂದಲೆಳೆಯಷ್ಟು ಜಾರುತ್ತದೆ. ಎಲ್ಲ ಸೇರಿ ಅರ್ಧ ಮಿ.ಮೀ. ದಾಟಿತ್ತು. ಅದನ್ನೆಲ್ಲ ನಾನು ತುಂಡಿನ ಲೆಕ್ಕಕ್ಕೆ ಬರೆಯುತ್ತಿದ್ದೆ.

ತುಂಡಿನ ಜಾಗದಲ್ಲಿ ದಪ್ಪ ಉಕ್ಕಿನ ಸರಳು ಹಾಕಿ ಎಳೆದೆ. ಈ ಬಲಕ್ಕೆ ಉಕ್ಕು ಹಿಗ್ಗುವುದು ಲೆಕ್ಕಕ್ಕೇ ಬರುವುದಿಲ್ಲ, ಹಾಗಾಗಿ ಕಂಡ ಅಲುಗಾಟವೆಲ್ಲ ಮಷೀನಿನದೇ, ಅಲ್ವಾ? ಅದನ್ನು ಪ್ರತಿ ಬಲಕ್ಕೂ ಬರೆದಿಟ್ಟುಕೊಂಡು ಕಳೆದರೆ ಗ್ರಾಫ್ ಎಷ್ಟೋ ಸರಿಹೋಯಿತು. ಆದರೆ ಪ್ಲಾಸ್ಟಿಕ್ ಜಾರುವಷ್ಟು ಉಕ್ಕು ಜಾರುವುದಿಲ್ಲ. ಅದಕ್ಕೇ ಈಗ ತುಂಡಿಗೇ ಎರಡು ಕ್ಲಿಪ್ ಹಾಕಿ ಸಣ್ಣ ಅಲುಗಾಟ ಅಳೆಯುವ ಡಿಜಿಟಲ್ ಡಯಲ್ ಗೇಜ್ ಕೂರಿಸುತ್ತೇನೆ, ಮುರಿಯುವ ಹೊತ್ತಿಗೆ ಮುಂಚೆ ತೆಗೆದುಬಿಡುತ್ತೇನೆ. ನೀವು ಕಟ್ಟುವುದಾದರೆ ದುಡ್ಡನ್ನು ಮೋಟಾರಿಗಿಂತ ಜಾಸ್ತಿ ಫ್ರೇಮಿಗೆ ಹಾಕಿ. ಮಷೀನಿನ ಮುಂದೆ ಪಾಲಿಕಾರ್ಬೊನೇಟ್ (ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್) ಶೀಟು ಖಂಡಿತ ಇರಲಿ, ಚೂರು ಕಣ್ಣಿಗೆ ಹಾರುತ್ತದೆ.

ಮೊನ್ನೆ ಮಲಗಿಸಿ ಪ್ರಿಂಟ್ ಮಾಡಿದ ಐದು ತುಂಡು, ನಿಲ್ಲಿಸಿ ಮಾಡಿದ ಐದು ತುಂಡು ಎಳೆದೆ. ನಿಲ್ಲಿಸಿದ್ದು ಹೆಚ್ಚುಕಡಿಮೆ ಅರ್ಧ ಬಲಕ್ಕೇ, ಪದರದ ಗೆರೆಯಲ್ಲೇ ಬಿಟ್ಟುಕೊಂಡಿತು. ಆ ಬ್ರಾಕೆಟನ್ನೂ ನಾನು ನಿಲ್ಲಿಸಿಯೇ ಪ್ರಿಂಟ್ ಮಾಡಿದ್ದೆ.